ಹತ್ತು ಟೀಚರುಗಳೂ ಒಬ್ಬ ಅಡುಗೆಯಾಕೆಯೂ

ಊರಿಗೆ ಕಲಿಸಲು ಹೋದವರ ಪಾಡೇ ಹೀಗೆ: ಕಲಿಸುವುದು ಎರಡು, ಕಲಿಯುವುದು ಹತ್ತು, ಅದೂ ತಡವಾಗಿ. ಎಪ್ಪತ್ತರ ದಶಕದಲ್ಲಿ ನಾನು ಶಿಕಾರಿಪುರ, ಸೊರಬದ ಕಡೆ ಬಾಲವಾಡಿಗಳ ಮೇಲ್ವಿಚಾರಕಿ. ಟೀಚರುಗಳು ಹೊರಗಿನಿಂದ ಬರಬಾರದು, ಅಲ್ಲಿಯವರೇ ತಯಾರಾಗಬೇಕು ಎಂಬುದು ನನ್ನ ಹಟ. ಏಳನೇ ಕ್ಲಾಸು ಪಾಸಾದ ಹತ್ತು ಹುಡುಗಿಯರನ್ನು ಆರಿಸಿ ಶಿಕಾರಿಪುರದಲ್ಲಿ ಶಿಬಿರ ಹೂಡಿದೆ. ಅಡುಗೆಗೆ ಬಂದಾಕೆ ಐದು ಮಕ್ಕಳ ತಾಯಿ, ಓದಿದ್ದು ನಾಲ್ಕನೇ ಕ್ಲಾಸು. ಟೀಚರಾಗುವ ಆಸೆ ಆಕೆಗೂ ಇತ್ತು, ಅರ್ಜಿ ಕೊಟ್ಟಿದ್ದಳು. ‘ವಿದ್ಯಾರ್ಹತೆ ಸಾಲದು’ ಎಂದು ಬರೆದು ಸಹಿ ಹಾಕಿದವಳು ನಾನೇ.

೧. ಗೊಂಬೆಯ ಸ್ನಾನ

ಹುಡುಗಿಯರಲ್ಲಿ ಒಬ್ಬಳಿಗೂ ಮದುವೆಯಾಗಿರಲಿಲ್ಲ. ಎಳೆಗೂಸಿಗೆ ಸ್ನಾನ ಮಾಡಿಸುವುದನ್ನು ರಬ್ಬರ್ ಗೊಂಬೆ ಇಟ್ಟು ಕಲಿಸಿದೆ. ಎಲ್ಲರೂ ಪುಸ್ತಕದಲ್ಲಿದ್ದಂತೆಯೇ ತಲೆ ಹಿಡಿದು, ನೀರು ಹೊಯ್ದು, ಒರೆಸಿ ಮಲಗಿಸಿದರು. ನಾನು ಬೀಗಿದೆ. ರೊಟ್ಟಿ ಬಡಿಯುತ್ತಿದ್ದ ಅಡುಗೆಯಾಕೆಯನ್ನು, "ಹೇಗಿದೆಯಮ್ಮಾ?" ಎಂದು ಕೇಳಿದೆ.

"ಭಾಳ ಚಲೋ ಆತ್ರಿ ಅಕ್ಕೋರೆ. ನಿಮ್ಮ ಕೂಸು ಕಾಲು ಝಾಡಿಸ್ಲಿಲ್ಲ, ಅಳ್ಲಿಲ್ಲ, ಮೈಮ್ಯಾಲೆ ಉಚ್ಚಿ ಹೊಯ್ಲಿಲ್ಲ. ಇಂಥಾ ಕೂಸು ಎಲ್ಲಿ ಸಿಗ್ತತ್ರಿ? ನಂಗೂ ಒಂದು ಬೇಕಿತ್ತು."

೨. ತೂಕದ ದಿನ

ಮಕ್ಕಳ ತೂಕ ನೋಡಲು ನರ್ಸಮ್ಮ, ಶಾಲೆಯ ಮೇಷ್ಟ್ರು, ನಾನು ಒಟ್ಟಿಗೆ ಕುಪ್ಪಗಡ್ಡೆಗೆ ಹೋದೆವು. ತೊಲೆಗೆ ತಕ್ಕಡಿ ಕಟ್ಟಿದ್ದೇ ತಡ, ತಾಯಂದಿರು ಕೂಸುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ಬ್ಯಾಡ್ರೀ, ಮಕ್ಳನ್ನ ತೂಗಿದ್ರೆ ದೃಷ್ಟಿ ಆಗ್ತದೆ." ಮೂವರೂ ಸರದಿಯ ಮೇಲೆ ಭಾಷಣ ಬಿಗಿದೆವು. ಒಬ್ಬರೂ ಕದಲಲಿಲ್ಲ.

ಉಪ್ಪಿಟ್ಟು ಮಾಡಲು ಜೊತೆಗೆ ಬಂದಿದ್ದ ಅಡುಗೆಯಾಕೆ ಪಕ್ಕದ ಮನೆಯಿಂದ ಬೆಲ್ಲದ ಅಚ್ಚುಗಳನ್ನು ತಂದು ತಕ್ಕಡಿಯ ಒಂದು ತಟ್ಟೆಗೆ ಹಾಕಿದಳು. "ಬರ್ರೇ, ಬೆಲ್ಲದ ತುಲಾಭಾರ." ದೇವರ ಹೆಸರಲ್ಲಿ ತೂಗಿದರೆ ಎಲ್ಲಿಯ ದೃಷ್ಟಿ? ಸಾಲು ಬಾಗಿಲು ದಾಟಿತು. ನಾವು ಬೆಲ್ಲ ತೂಗಿ ಕೂಸಿನ ತೂಕ ಬರೆದುಕೊಂಡೆವು.

ವರದಿಯಲ್ಲಿ ನಾನು, ‘ಮೇಲ್ವಿಚಾರಕಿಯ ತಿಳುವಳಿಕೆ ಭಾಷಣದ ಫಲ’ ಎಂದು ಬರೆದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ನರ್ಸಮ್ಮ ಮಾತ್ರ ಪಾಪ, "ಬೆಲ್ಲಕ್ಕೆ ಕಾಲಂ ಇಲ್ವಲ್ಲ ಮೇಡಂ, ಎಲ್ಲಿ ಬರೀಲಿ?" ಎನ್ನುತ್ತಿದ್ದರು.

೩. ಊರಲ್ಲಿ ಉಳಿದವಳು

ತರಬೇತಿಯಾದ ಹುಡುಗಿ ಎಂದರೆ ಗಂಡಿನ ಕಡೆಯವರಿಗೆ ಬಲು ಇಷ್ಟ. ವರ್ಷ ತಿರುಗುವುದರೊಳಗೆ ಹತ್ತೂ ಜನ ದಾವಣಗೆರೆ, ಹಾವೇರಿ, ಹುಬ್ಬಳ್ಳಿ ಅಂತ ಗಂಡನ ಮನೆ ಸೇರಿದರು. ಹತ್ತೂ ಮದುವೆಯಲ್ಲಿ ನಾನು ಊಟ ಮಾಡಿದೆ. ಶಿಬಿರ ನಡೆದ ಜಾಗದ ಬಾಲವಾಡಿಯನ್ನು ಅಡುಗೆಯಾಕೆಯೇ ಸಹಾಯಕಿಯ ಹೆಸರಿನಲ್ಲಿ ನಡೆಸತೊಡಗಿದಳು.

ಮೂರು ವರ್ಷದ ಮೇಲೆ ತಪಾಸಣೆಗೆ ಬಂದ ಅಧಿಕಾರಿ ಮಕ್ಕಳ ಹಾಡು ಕೇಳಿ, ಕತ್ತರಿಸಿದ ಉಗುರು ನೋಡಿ, "ಇಂಥ ಟೀಚರನ್ನು ನಾನು ಕಂಡಿಲ್ಲ" ಎಂದರು. ಆಕೆ ಟೀಚರಲ್ಲ, ಓದು ಸಾಲದೆಂದು ಅರ್ಜಿ ತಳ್ಳಿಹಾಕಿದ್ದೆ ಎಂದು ನಿಜ ಹೇಳಿದೆ. ಅವರು ಕಡತದಿಂದ ಹಳೆಯ ಸುತ್ತೋಲೆಯ ಎರಡನೇ ಪುಟ ತೆಗೆದು ತೋರಿಸಿದರು: ಸ್ಥಳೀಯ ಮಹಿಳೆಯರಿಗೆ ವಿದ್ಯಾರ್ಹತೆ ಸಡಿಲಿಸಬಹುದು. ನಾನು ಓದಿದ್ದು ಮೊದಲ ಪುಟ ಮಾತ್ರ.

"ಈಗ ಸಡಿಲಿಸಬಹುದಲ್ಲ ಸಾರ್?"

"ಈಗ ಆಕೆಗೆ ವಯಸ್ಸು ಮೀರಿದೆಯಲ್ಲಮ್ಮ."

ನನಗೆ ಅಳು ಬಂತು. ಆಕೆಯ ಕೈ ಹಿಡಿದು, "ತಪ್ಪಾಯ್ತಮ್ಮಾ, ಅವತ್ತು ನಿನ್ನನ್ನೇ ಆರಿಸಬೇಕಿತ್ತು" ಎಂದೆ.

ಆಕೆ ಒಂದು ಮಗುವಿನ ಮೂಗು ಒರೆಸುತ್ತ ಹೇಳಿದಳು: "ಇರ್ಲಿ ಬಿಡ್ರಿ ಅಕ್ಕೋರೆ. ನೀವು ಆರಿಸಿದೋರೆಲ್ಲ ವರ್ಷದಾಗ ಮದಿವಿ ಆಗಿ ಊರು ಬಿಟ್ರು. ನನ್ನನ್ನೂ ಆರಿಸಿದ್ರ ನಮ್ಮ ಯಜಮಾನ್ರ ಗತಿ ಏನಾಗ್ತಿತ್ತು?"