ಹತ್ತಿರದ ಮನೆಯೇ ಮೊದಲು ಎಂದ ಫೋನಮ್ಮನವರಿಗೆ

ಮಾನ್ಯರೇ,

ನನ್ನ ಮಗನ ಫೋನಿನಲ್ಲಿ ವಾಸವಾಗಿದ್ದು, ಕಾರು ಹೊರಟ ಕ್ಷಣದಿಂದ ನಿಲ್ಲುವವರೆಗೂ ಬೇಸರವಿಲ್ಲದೆ, ದಣಿವಿಲ್ಲದೆ, ಒಂದು ಲೋಟ ನೀರನ್ನೂ ಕೇಳದೆ ದಾರಿ ಹೇಳುವ ತಮ್ಮ ಮಧುರ ಕಂಠಕ್ಕೆ ತುಮಕೂರಿನ ಒಬ್ಬ ನಿವೃತ್ತ ಗ್ರಂಥಪಾಲಕನ ಗೌರವಪೂರ್ವಕ ನಮಸ್ಕಾರಗಳು. ತಮಗೆ ಹೆಸರಿಲ್ಲ, ಊರಿಲ್ಲ, ಅಕ್ಕತಂಗಿಯರೂ ಇದ್ದಂತೆ ತೋರುವುದಿಲ್ಲ. ಆದ್ದರಿಂದ ತಮ್ಮ ಯೋಗಕ್ಷೇಮವನ್ನು ಯಾರ ಬಳಿ ವಿಚಾರಿಸಬೇಕೆಂದು ತಿಳಿಯದೆ ಹೀಗೆ ಊರೆಲ್ಲ ಓದುವ ಪತ್ರದಲ್ಲಿ ವಿಚಾರಿಸುತ್ತಿದ್ದೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ನಾವು ಇಲ್ಲಿ ಅಷ್ಟೇನೂ ಕ್ಷೇಮವಾಗಿಲ್ಲ.

ಕಳೆದ ಮೇ ತಿಂಗಳಲ್ಲಿ ನಮ್ಮ ಕುಟುಂಬ ತಮ್ಮ ಮಾರ್ಗದರ್ಶನದಲ್ಲಿ ಬೇಸಿಗೆ ಪ್ರವಾಸ ಹೊರಟದ್ದು ತಮಗೆ ನೆನಪಿರಬಹುದು; ತಾವು ಏನನ್ನೂ ಮರೆಯುವುದಿಲ್ಲವೆಂದು ಕೇಳಿದ್ದೇನೆ. ಕೊರಟಗೆರೆಯ ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲೆಯ ಬೆಟ್ಟ, ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳು, ಪಾವಗಡದ ಕೋಟೆ, ಇವು ನೋಡಬೇಕಾದ ಜಾಗಗಳು. ಮಧುಗಿರಿಯಲ್ಲಿರುವ ನನ್ನ ಅಕ್ಕ ಇಂದ್ರಮ್ಮ, ಸಿರಾ ಸೀಮೆಯ ಮದಲೂರಿನಲ್ಲಿರುವ ನನ್ನ ತಂಗಿ ಪುಷ್ಪಾವತಿ, ಇವರು ನೋಡಬೇಕಾದ ಜನ. ಮೊಮ್ಮಗಳಿಗೆ ಕೊಕ್ಕರೆಗಳು ಮುಖ್ಯವಾಗಿದ್ದವು. ನನಗೆ ಈ ಇಬ್ಬರು ಒಂದೇ ಚಾಪೆಯ ಮೇಲೆ ಕೂರುವುದು ಮುಖ್ಯವಾಗಿತ್ತು, ಏಕೆಂದರೆ ಅವರು ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು.

ಕಾರಣ ತಮ್ಮಂಥವರಿಗೆ ಕ್ಷುಲ್ಲಕವೆನಿಸೀತು. ನಮ್ಮ ಕಡೆ ಮದುವೆಯ ಲಗ್ನಪತ್ರಿಕೆಯನ್ನು ಮನೆದೇವರ ಮುಂದಿಟ್ಟ ಮೇಲೆ ಮೊದಲು ಕೊಡುವುದು ಹಿರಿಯರ ಮನೆಗೆ. ಪುಷ್ಪಾವತಿಯ ಮಗ ಗೌರೀಶನ ಮದುವೆಯಲ್ಲಿ ಅವಳ ಯಜಮಾನರು ಕೊರಟಗೆರೆ, ತುಮಕೂರುಗಳನ್ನೆಲ್ಲ ಮುಗಿಸಿ, ಊರಿಗೆ ಮರಳುವಾಗ ಮಧುಗಿರಿಯಲ್ಲಿ ಬೈಕು ನಿಲ್ಲಿಸಿ, "ಹೆಂಗೂ ದಾರೀಲೇ ಸಿಕ್ತಲ್ಲ ಇಂದ್ರಕ್ಕ, ಕೊಟ್ಟೋಗಾನ ಅಂತ ಬಂದೆ" ಎಂದುಬಿಟ್ಟರು. ಅಕ್ಕ ಪತ್ರಿಕೆ ತೆಗೆದುಕೊಂಡಳು, ಕಾಫಿ ಕೊಟ್ಟಳು, ಮದುವೆಗೆ ಹೋಗಲಿಲ್ಲ. ದಾರಿಯಲ್ಲಿ ಸಿಗುವುದು ಮೈಲಿಗಲ್ಲು, ಹಿರಿಯಕ್ಕನ ಮನೆಯಲ್ಲ ಎಂಬುದು ಅವಳ ವಾದ. ಈ ವಾದಕ್ಕೆ ಒಂಬತ್ತು ವರ್ಷದಲ್ಲಿ ನಮ್ಮ ವಂಶದ ಯಾವ ಪಂಡಿತನೂ ಉತ್ತರ ಕೊಟ್ಟಿಲ್ಲ.

ಅಂಥ ಅಕ್ಕ ಈ ವರ್ಷ ತಾನಾಗಿಯೇ ಫೋನು ಮಾಡಿ, "ನೋಡ್ಲಾ ಚನ್ನಮಲ್ಲ, ಕಾರು ಮೊದ್ಲು ನನ್ನ ಮನೆ ಮುಂದೆ ನಿಲ್ಲಲಿ. ನನ್ನೂ ಕೂರಿಸ್ಕಂಡು ಅವಳ ಮನೆಗೆ ಹೋಗಾನ. ತವರಿನೋರ ಜೊತೆ ಬಂದ್ಲು ಅಂದ್ರೆ ನಂಗೂ ಮರ್ವಾದೆ, ಅವ್ಳಿಗೂ ಮರ್ವಾದೆ" ಎಂದಳು. ಅಪ್ಪ ಅಮ್ಮ ಇಲ್ಲದ ಮೇಲೆ ತವರೆಂದರೆ ನಾನೇ ತಾನೇ? ಸುದ್ದಿ ಮುಟ್ಟಿಸಿದಾಗ ಪುಷ್ಪಾವತಿ, "ನಿಜವಾಗ್ಲೂ ಅಕ್ಕ ಬತ್ತವ್ಳಾ? ನೀನು ಸುಮ್ಕೆ ಹೇಳ್ತಿಲ್ಲ ತಾನೆ?" ಎಂದು ಕೇಳಿದ್ದನ್ನೇ ಕೇಳಿದಳು. ಮಧುಗಿರಿ ಮೊದಲು, ಆಮೇಲೆ ಮದಲೂರು. ಇಷ್ಟೇ ನಮ್ಮ ಭೂಗೋಳಶಾಸ್ತ್ರ.

ಇಲ್ಲಿ ತಮ್ಮ ಪ್ರವೇಶವಾಯಿತು. ನನ್ನ ಮಗ ಪ್ರಭುದೇವ್ ಎಲ್ಲ ಊರುಗಳ ಹೆಸರನ್ನೂ ತಮ್ಮ ಪಾದಕ್ಕೆ ಅರ್ಪಿಸಿ, ಯಾವುದು ಮೊದಲು, ಯಾವುದು ಕೊನೆಗೆ ಎಂಬುದನ್ನು ತಾವೇ ನಿರ್ಧರಿಸಬೇಕೆಂದು ಒಂದು ಗುಂಡಿ ಒತ್ತಿದ. ತಾವು ಕಣ್ಣು ಮಿಟುಕಿಸುವುದರೊಳಗೆ ನಿರ್ಧರಿಸಿದಿರಿ. ನಮ್ಮ ಕುಟುಂಬದಲ್ಲಿ ಇಂಥ ಒಂದು ನಿರ್ಧಾರಕ್ಕೆ ಎರಡು ಬೇಸಿಗೆಗಳು ಬೇಕಾಗುತ್ತವೆ ಎಂಬುದನ್ನು ನೆನೆದಾಗ ತಮ್ಮ ಧೈರ್ಯಕ್ಕೆ ತಲೆಬಾಗಬೇಕು.

ಕಾರು ಕೊರಟಗೆರೆಯ ಕಡೆ ತಿರುಗದೆ ಹೆದ್ದಾರಿ ಹಿಡಿದಾಗಲೇ ನಾನು ಹಿಂದಿನ ಸೀಟಿನಿಂದ ಆಕ್ಷೇಪ ಎತ್ತಿದೆ. "ಅಪ್ಪಾ, ಆ ಕಡೆ ರಸ್ತೆ ಕೆಲಸ ನಡೀತಿದೆಯಂತೆ, ಇದು ಸಿರಾ ಮೇಲೆ ಕರ್ಕೊಂಡು ಹೋಗುತ್ತೆ, ನೀವು ಆರಾಮಾಗಿ ಕೂತ್ಕೊಳ್ಳಿ" ಎಂದ ಮಗ. "ಹೌದು ಮಾವ, ಅದಕ್ಕೆ ಮೇಲಿಂದ ಎಲ್ಲಾ ಕಾಣುತ್ತೆ" ಎಂದಳು ಸೊಸೆ ಲೋಹಿತಾ. ಮೇಲಿನಿಂದ ಎಲ್ಲವೂ ಕಾಣುತ್ತದೆ ಎಂದು ಹಿಂದೆ ದೇವರ ಬಗ್ಗೆ ಹೇಳುತ್ತಿದ್ದರು. ಆತ ಕನಿಷ್ಠಪಕ್ಷ ಮುನ್ನೂರು ಮೀಟರಿಗೊಮ್ಮೆ ಬಾಯಿ ಹಾಕುತ್ತಿರಲಿಲ್ಲ. ಸಿರಾದಿಂದ ಮಧುಗಿರಿಗೂ ರಸ್ತೆಯಿದೆ, ಅಲ್ಲಿ ಬಲಕ್ಕೆ ತಿರುಗಿ ಅಕ್ಕನ ಮನೆಗೇ ಮೊದಲು ಹೋಗುತ್ತೇವೆಂದು ನನ್ನನ್ನು ಸಮಾಧಾನಪಡಿಸಲಾಯಿತು. ಸಿರಾದಲ್ಲಿ ಸುಬೇದಾರರು ಕುಳಿತಿದ್ದ ಕಾಲದಲ್ಲೂ, ಮಧುಗಿರಿಯ ಬಂಡೆಯ ಮೇಲೆ ಪಾಳೇಗಾರರು ಕೋಟೆ ಕಟ್ಟಿಕೊಂಡಿದ್ದ ಕಾಲದಲ್ಲೂ ಕಾಣಿಕೆ ಯಾರಿಗೆ ಮೊದಲು ಸಲ್ಲಬೇಕೆಂಬುದು ಎಲ್ಲರಿಗೂ ಗೊತ್ತಿತ್ತು. ತಪ್ಪಿದರೆ ದಂಡು ಬರುತ್ತಿತ್ತು ಎಂಬ ಇತಿಹಾಸವನ್ನು ನಾನು ವಿವರಿಸತೊಡಗಿದಾಗ ಕಾರಿನಲ್ಲಿ ಹಾಡು ಹಾಕಿದರು. ಕಳ್ಳಂಬೆಳ್ಳ ದಾಟುವಾಗ ನನಗೆ ಜೊಂಪು ಹತ್ತಿತು.

"ನೀವು ತಲುಪಬೇಕಾದ ಸ್ಥಳವನ್ನು ತಲುಪಿದ್ದೀರಿ" ಎಂಬ ತಮ್ಮ ಘೋಷಣೆಗೆ ಎಚ್ಚರವಾಗಿ ಕಣ್ಣು ಬಿಟ್ಟರೆ ಎದುರಿಗಿದ್ದದ್ದು ಮಧುಗಿರಿಯ ಬೆಟ್ಟವಲ್ಲ, ಮದಲೂರಿನ ಪುಷ್ಪಾವತಿಯ ಮನೆಯ ಬಾಗಿಲು. ಸಿರಾದಿಂದ ಹತ್ತಿರದ ಮನೆಯೇ ಮೊದಲೆಂದು ತಾವು ಅಪ್ಪಣೆ ಕೊಟ್ಟಿದ್ದಿರಿ, ಮಗ ಮರುಮಾತಿಲ್ಲದೆ ಪಾಲಿಸಿದ್ದ. ನಮ್ಮ ಕಾರು ಬಂದದ್ದನ್ನು ಕಂಡು ಅವಳು ಆರತಿ ತಟ್ಟೆ ಹಿಡಿದು ಅಂಗಳಕ್ಕೆ ಓಡಿಬಂದಿದ್ದಳು. ಅವಳು ನನ್ನ ಮುಖ ನೋಡಲಿಲ್ಲ. ಬಗ್ಗಿ ಹಿಂದಿನ ಸೀಟು ನೋಡಿದಳು, ಆ ಕಡೆಯ ಬಾಗಿಲಿಗೆ ಹೋಗಿ ಅಲ್ಲಿಂದಲೂ ನೋಡಿದಳು. "ಅಣ್ಣಾ, ಅಕ್ಕನ್ನ ಎಲ್ಲಿ ಬುಟ್ಟು ಬಂದೆ?" ಎಂದಳು. ತಟ್ಟೆಯಲ್ಲಿ ದೀಪ ಉರಿಯುತ್ತಲೇ ಇತ್ತು; ಯಾರಿಗೆ ಎತ್ತಬೇಕೆಂದು ಅವಳಿಗೆ ತಿಳಿಯಲಿಲ್ಲ. ತಾವು ಆ ಹೊತ್ತಿಗೆ ಮುಂದಿನ ನಿಲ್ದಾಣಕ್ಕೆ ಎಷ್ಟು ನಿಮಿಷವೆಂದು ಹೇಳುತ್ತಿದ್ದಿರಿ.

ತಕ್ಷಣ ಕಾರು ತಿರುಗಿಸೋಣವೆಂದರೆ, ಹೊಸಿಲ ತನಕ ಬಂದವರು ನೀರು ಕುಡಿಯದೆ ಹೋಗುವಂತಿಲ್ಲ. ನಾವು ನೀರು ಕುಡಿಯುವಷ್ಟರಲ್ಲಿ ಲೋಹಿತಾ ಮಗಳನ್ನು ಪುಷ್ಪಾವತಿಯ ಪಕ್ಕ ನಿಲ್ಲಿಸಿ ಚಿತ್ರ ತೆಗೆದು, "ಪ್ರವಾಸದ ಮೊದಲ ಮನೆ" ಎಂದು ಬರೆದು ಸ್ಟೇಟಸ್ಸಿಗೆ ಹಾಕಿ ಮುಗಿಸಿದ್ದಳು. ನನ್ನ ಅಕ್ಕ ಇಡೀ ಜಗತ್ತಿನಲ್ಲಿ ತಪ್ಪದೆ ನೋಡುವುದು ನೆಂಟರ ಸ್ಟೇಟಸ್ಸುಗಳನ್ನು ಮಾತ್ರ.

ಅಕ್ಕ ಫೋನು ಎತ್ತಲಿಲ್ಲ. ಕೂಡಲೇ ಮಧುಗಿರಿಗೆ ಹೊರಡಬೇಕೆಂದು ಕೊಕ್ಕರೆಗಳ ಊರನ್ನು ಪಟ್ಟಿಯಿಂದ ತೆಗೆಸಿದೆ. ಮೊಮ್ಮಗಳು ಗೊಳೋ ಎಂದು ಅತ್ತಳು. ಆತುರದಲ್ಲಿ ಪಾವಗಡವನ್ನು ತೆಗೆಯುವುದು ಪ್ರಭುದೇವನಿಗೆ ಮರೆತುಹೋಯಿತು. ನಮ್ಮ ಅವಸರ ಕಂಡು ತಾವು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ನಿಷ್ಠೆಯಿಂದ, ಅಚ್ಚುಕಟ್ಟಾಗಿ, ನಮ್ಮನ್ನು ಪಾವಗಡದ ಕಡೆಗೇ ಕರೆದೊಯ್ದು, ಆಮೇಲೆ ಯಾವುದೋ ಒಳದಾರಿಯಲ್ಲಿ ಇಳಿಸಿ, ಕಣ್ಣು ಹಾಯುವಷ್ಟು ದೂರಕ್ಕೂ ಸೌರಫಲಕಗಳೇ ತುಂಬಿದ ಬಯಲಿನಲ್ಲಿ ಮುಳ್ಳುತಂತಿಯ ಬೇಲಿಗೆ ಮುಖ ಮಾಡಿ ನಿಲ್ಲಿಸಿದಿರಿ. ಪ್ರಕೃತಿ ವೀಕ್ಷಣೆಗೆ ಹೊರಟವರಿಗೆ ಮಟಮಟ ಮಧ್ಯಾಹ್ನದಲ್ಲಿ ಸಾವಿರಾರು ಸೂರ್ಯರನ್ನು ಒಟ್ಟಿಗೆ ತೋರಿಸಿದ ತಮ್ಮ ಔದಾರ್ಯ ದೊಡ್ಡದು. ಬೇಲಿಯ ನೆರಳಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದ ಒಬ್ಬ ಹೆಂಗಸು ನಮ್ಮನ್ನು ಕಂಡು ನಗು ತಡೆಯಲಾರದೆ, ಆ ಸೀಮೆಯ ತೆಲುಗು ಬೆರೆತ ಕನ್ನಡದಲ್ಲಿ, "ಏಮಣ್ಣಾ, ನಿಮ್ಮನ್ನೂ ಆ ಫೋನಮ್ಮೇ ಕಳ್ಸಿದ್ಳಾ?" ಎಂದಳು. ಮಧುಗಿರಿಗೆ ದಾರಿ ಕೇಳಿದರೆ, "ನಾಕೇಂ ತೆಲುಸು? ನಾನ್ ಆ ಕಡೀಕ್ ಹೋಗಿ ಎಷ್ಟ್ ವರ್ಷ ಆತೋ! ಆಯಮ್ಮನ್ನೇ ಕೇಳು ಪೋ" ಎಂದು ಕುರಿಗಳ ಕಡೆ ತಿರುಗಿದಳು. ಪತ್ರದ ಶಿರೋನಾಮೆಯಲ್ಲಿ ತಮಗಿತ್ತಿರುವ ಬಿರುದು ಆಕೆ ದಯಪಾಲಿಸಿದ್ದು.

ಕೊನೆಗೆ ದೂರದಲ್ಲಿ ಬೆಟ್ಟ ಕಂಡಿತು. ಹರಿದಾರಿಗಳಾಚೆಗೂ ಕಾಣುವಂತೆ ಆನೆಯ ಬೆನ್ನಿನಷ್ಟು ಬೋಳಾಗಿ ಎದ್ದು ನಿಂತ ಆ ಬಂಡೆಯನ್ನು ನೋಡಿಕೊಂಡು ಕುರುಡನೂ ಮಧುಗಿರಿ ಸೇರಬಲ್ಲ. ಹಾಗಿದ್ದೂ ತಾವು ಅದು ಎದುರಿಗಿರುವಾಗಲೇ ಮೂರು ಸಲ ಎಡಕ್ಕೆ, ಒಂದು ಸಲ ಹಿಂದಕ್ಕೆ ತಿರುಗಿಸಿದಿರಿ. ಅಕ್ಕನ ಮನೆ ತಲುಪಿದಾಗ ಸಂಜೆಯಾಗುತ್ತಿತ್ತು.

ಅವಳು ಬೆಳಿಗ್ಗೆ ಪಕ್ಕದ ಮನೆಯವರನ್ನು ಕರೆದು ಒತ್ತಿಸಿಟ್ಟಿದ್ದ ಶ್ಯಾವಿಗೆ ಒಣಗಿ ಗಂಟುಗಟ್ಟಿತ್ತು. ಕಾಯಿಹಾಲು ಒಡೆದಿತ್ತು. ಅವಳ ಹೊಸ ಸೀರೆ ಮಾತ್ರ ಇನ್ನೂ ಮೈಮೇಲೆಯೇ ಇತ್ತು. ನಮ್ಮ ಜೊತೆ ಹೊರಡಲೆಂದು ಉಟ್ಟದ್ದು. "ಬರ್ರಪ್ಪ, ಕೂತ್ಕಳಿ. ವಾಪಸ್ ಹೋಗ್ತಾ ದಾರೀಲಿ ಸಿಕ್ತೇನೋ ನನ್ನ ಮನೆ?" ಎಂದಳು. ಪ್ರಭುದೇವ್ ಮುಂದೆ ಬಂದು, "ಅತ್ತೆ, ನಾವು ಬೇಕು ಅಂತ ಮಾಡಿದ್ದಲ್ಲ, ಈ ಫೋನು..." ಎನ್ನುವಷ್ಟರಲ್ಲಿ ಅಕ್ಕ, "ಅವತ್ತು ಬೈಕು, ಇವತ್ತು ಫೋನು. ನಿಮ್ಮ ಮನೆಗಳಲ್ಲಿ ಮನುಷ್ಯರು ತಪ್ಪು ಮಾಡೋದು ಯಾವಾಗ್ಲಾ?" ಎಂದಳು. ಎಲ್ಲರಿಗೂ ಬಡಿಸಿದಳು. ಮದಲೂರಿಗೆ ಈಗಲೇ ಹೋಗಿಬರೋಣ ಬಾ ಎಂದು ನಾನು ಕರೆದಾಗ, "ನಾನು ಸಾಯಗಂಟ ಆ ಕಡೆ ತಲೆ ಹಾಕಿ ಮಲಗಲ್ಲ" ಎಂದು ಎಲೆ ಎತ್ತಿದಳು. ಒಂಬತ್ತು ವರ್ಷಗಳಲ್ಲಿ ಇಂಚಿಂಚಾಗಿ ಹಿಂದೆ ಸರಿದಿದ್ದ ಮುನಿಸನ್ನು ತಾವು ಒಂದೇ ಬೆಳಿಗ್ಗೆ ಅದರ ಮೂಲಸ್ಥಾನಕ್ಕೆ ತಲುಪಿಸಿದಿರಿ. ಇಷ್ಟು ವೇಗದ ದಾರಿಯನ್ನು ನಿಜಕ್ಕೂ ಮನುಷ್ಯರು ಕಂಡುಹಿಡಿಯಲಾರರು.

ಅಂದು ಅಕ್ಕನ ಜಗಲಿಯಲ್ಲಿ ಕುಳಿತು ತಮ್ಮ ಹೊಟ್ಟೆಯೊಳಗಿನ ಆಯ್ಕೆಗಳನ್ನು ಮಗನ ಕೈಯಿಂದ ತೆಗೆಸಿ ನೋಡಿದೆ. ಸುಂಕದ ರಸ್ತೆ ತಪ್ಪಿಸಿ ಎಂದಿದೆ. ಹೆದ್ದಾರಿ ತಪ್ಪಿಸಿ ಎಂದಿದೆ. ದೋಣಿ ತಪ್ಪಿಸಿ ಎಂದೂ ಇದೆ! ಕೆರೆಯಲ್ಲಿ ನೀರು ನಿಂತರೆ ಬಾಗಿನ ಬಿಡಲು ಊರೇ ಓಡುವ ಪಾವಗಡ, ಸಿರಾಗಳ ಜನ ಎಲ್ಲಿ ದೋಣಿಗೆ ಸಿಕ್ಕಿಬಿಡುತ್ತಾರೋ ಎಂದು ಚಿಂತಿಸಿದ ತಮ್ಮ ಯಜಮಾನರ ದೂರದೃಷ್ಟಿ ಅಪಾರ. ಹಾಗೆಯೇ "ಅಕ್ಕನ ಮುನಿಸು ತಪ್ಪಿಸಿ" ಎಂಬುದೊಂದನ್ನು ಸೇರಿಸಬೇಕೆಂದು ಬೇಡಿಕೊಳ್ಳುತ್ತೇನೆ. ಯಾವ ಮನೆಯ ಮುಂದೆ ಹಾದುಹೋದರೆ ಇಳಿಯಲೇಬೇಕು, ಯಾವ ಮನೆಯ ಮುಂದೆ ಗಾಜು ಏರಿಸಿಕೊಂಡು ಹೋಗಬೇಕು, ಯಾರ ಮನೆಯಲ್ಲಿ ಉಂಡರೆ ಇನ್ಯಾರ ಮನೆಯಲ್ಲಿ ಕಾಫಿಯನ್ನಾದರೂ ಕುಡಿಯಬೇಕು ಎಂಬುದನ್ನೂ ಕೆಂಪು, ಹಸಿರು ಗೆರೆಗಳಲ್ಲಿ ತೋರಿಸಿದರೆ ಉಪಕಾರವಾದೀತು. ಇದಕ್ಕೆ ಆಕಾಶದಲ್ಲಿ ಇನ್ನೊಂದು ಉಪಗ್ರಹ ಬೇಕಾದರೆ, ಅದನ್ನು ಹಾರಿಸುವ ಮುನ್ನ ಎರಡು ದಿನ ನನ್ನ ಅಕ್ಕನ ಮನೆಯಲ್ಲಿ ತರಬೇತಿಗೆ ಇರಿಸಿ. ಮತ್ತು ತಾವು ಖುದ್ದಾಗಿ ಮಧುಗಿರಿಗೆ ಬಂದು, ಆ ಗಂಟುಗಟ್ಟಿದ ಶ್ಯಾವಿಗೆಯನ್ನು ಎಲೆಯಲ್ಲಿ ಒಂದಿಷ್ಟೂ ಬಿಡದೆ ಉಂಡು, ಕ್ಷಮೆ ಕೇಳತಕ್ಕದ್ದು. ಬೆಟ್ಟವನ್ನು ಗುರುತಿಟ್ಟುಕೊಂಡು ಬನ್ನಿ. ತಮ್ಮನ್ನೇ ನಂಬಿ ಹೊರಡಬೇಡಿ.

ಮರುದಿನ ಬೆಳಿಗ್ಗೆ ನಾವು ಸಿದ್ಧರಬೆಟ್ಟದ ಆಸೆಯನ್ನೂ ಬಿಟ್ಟು ಸಾಮಾನುಗಳನ್ನು ಕಾರಿಗೆ ತುಂಬುತ್ತಿದ್ದೆವು. ಬಸ್ ಸ್ಟ್ಯಾಂಡಿನ ಕಡೆಯಿಂದ ಪುಷ್ಪಾವತಿ ನಡೆದು ಬರುತ್ತಿದ್ದಳು, ಒಬ್ಬಳೇ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ನಾವು ಕರೆದಿರಲಿಲ್ಲ. ಕರೆಯುವ ಮುಖವೂ ನಮಗಿರಲಿಲ್ಲ. ಅಕ್ಕ ಹೊಸಿಲಿಗೆ ಅಡ್ಡಲಾಗಿ ನಿಂತು, ಒಂಬತ್ತು ವರ್ಷದ ನಂತರದ ಮೊದಲ ಮಾತಾಗಿ, "ಯಾರ ಮನೆಗೆ ಹೋಗ್ತಾ ಇತ್ಲಾಗೆ ಬಂದ್ಯಮ್ಮ?" ಎಂದಳು.

"ಯಾರ ಮನೆಗೂ ಇಲ್ಲ ಕಣಕ್ಕ, ನಿನ್ನ ಮನೆಗೇ ಬಂದೆ. ಸಿರಾದಾಗೆ ಬಸ್ಸು ಬದಲಾಯಿಸೋವಾಗ ಚಿಕ್ಕಪ್ಪ ಜಗಲಿ ಮೇಲೇ ಕೂತಿದ್ರು, 'ಬಾರಮ್ಮ' ಅಂತ ಕೂಗುದ್ರು. ಕೇಳಿಸ್ಲಿಲ್ಲ ಅನ್ನಂಗೆ ಬಂದ್ಬುಟ್ಟೆ."

ಸಿರಾ ಬಸ್ ಸ್ಟ್ಯಾಂಡಿನ ಎದುರಿಗೇ ಮನೆಯಿರುವ ನಮ್ಮ ಚಿಕ್ಕಪ್ಪನವರಿಗೆ ಎಂಬತ್ತು ದಾಟಿದೆ. ಅವರ ಸಿಟ್ಟು ಅಕ್ಕನ ಸಿಟ್ಟಿಗಿಂತ ಹಳೆಯ ಮಾದರಿಯದು. ತನ್ನ ಮನೆಗೇ ಮೊದಲು ಬರಲೆಂದು ತಂಗಿ ಯಾರ ಸಿಟ್ಟನ್ನು ಮೈಮೇಲೆ ಎಳೆದುಕೊಂಡು ಬಂದಿದ್ದಾಳೆಂಬುದು ಅಕ್ಕನಿಗೆ ಅರ್ಥವಾಯಿತು. ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು, "ಥೂ ನಿನ್ನ, ಅಷ್ಟು ವಯಸ್ಸಾದೋರು ಕರುದ್ರೆ ಹಂಗಾ ಬರೋದು? ಕಾಲು ತೊಳ್ಕ, ಒಳೀಕ್ ಬಾ" ಎಂದಳು.

ಮದಲೂರಿನಿಂದ ಸಿರಾ, ಸಿರಾದಿಂದ ಮಧುಗಿರಿ, ಎರಡು ಬಸ್ಸು, ನಿಂತುಕೊಂಡೇ ಪ್ರಯಾಣ. ಇದಕ್ಕಿಂತ ಬೇಗ ತಲುಪುವ ದಾರಿ ತಮ್ಮಲ್ಲಿದ್ದರೆ ದಯವಿಟ್ಟು ತಿಳಿಸಬೇಡಿ.

ಇಂತಿ, ಇನ್ನು ಮುಂದೆ ಮುಂದಿನ ಸೀಟಿನಲ್ಲೇ ಕೂರಲಿರುವ,
ತಮ್ಮ ವಿಶ್ವಾಸಿ,
ಚನ್ನಮಲ್ಲಯ್ಯ
ತುಮಕೂರು

ತಾ.ಕ.: ಊರಿಗೆ ಮರಳಿದ ಮೇಲೆ ತಾವು ಮಗನ ಫೋನಿಗೆ ಕಳಿಸಿದ ವಿಚಾರಣೆ ತಲುಪಿತು. ನಾವು ಮಧುಗಿರಿಯಲ್ಲಿ ಒಂದು ಸಂಜೆಯಿಂದ ಮರುದಿನದವರೆಗೂ ಒಂದು ಹಿಟ್ಟಿನ ಗಿರಣಿಯಲ್ಲಿ ತಂಗಿದ್ದೆವೆಂದು ತಾವು ತಿಳಿದಿದ್ದೀರಿ. ಅದು ಅಕ್ಕನ ಪಕ್ಕದ ಕಟ್ಟಡ. ಆ ಗಿರಣಿಗೆ ಎಷ್ಟು ನಕ್ಷತ್ರ ಕೊಡುತ್ತೀರೆಂದು ಕೇಳಿದ್ದೀರಿ. ಐದಕ್ಕೆ ಐದೂ ಕೊಡಿಸಿದ್ದೇನೆ. ಅಲ್ಲಿ ಯಾರ ಡಬ್ಬಿ ಮೊದಲು, ಯಾರದು ಆಮೇಲೆ ಎಂಬುದು ಗಿರಣಿಯವನಿಗೆ ಗೊತ್ತಿದೆ.