ಹೊಗೆಗೂಡಿನ ಕಡಲಹಕ್ಕಿಯವರಿಗೆ, ಗುಳಿಯ ಅಂಚಿನಿಂದ ಎತ್ತಿಕೊಂಡು ಹೋದ ಚೆಂಡಿನ ವಿಚಾರ

ನಮ್ಮ ಮನೆಯ ಹೊಗೆಗೂಡಿನ ಮೇಲೆ ಬಾಡಿಗೆಯ ಮಾತೇ ಎತ್ತದೆ ವಾಸವಾಗಿರುವ, ಹಳದಿ ಕೊಕ್ಕಿಗೆ ಕೆಂಪು ಬೊಟ್ಟಿಟ್ಟುಕೊಂಡಿರುವ ಮಾನ್ಯ ಕಡಲಹಕ್ಕಿಯವರೇ,

ಇನ್ವರ್‌ಕ್ರೇಗ್ ಊರಿನ ದಂಡೆಯ ಬಸ್ಸು ಓಡಿಸುವ ಗ್ರೆಗರ್ ಇಮ್ರಿಯ ಸವಿನಯ ವಂದನೆಗಳು. ತಮ್ಮ ರೆಕ್ಕೆಗಳು ಕ್ಷೇಮವೆಂದೂ, ತಮ್ಮ ಹಸಿವು ಎಂದಿನಂತೆ ಗಟ್ಟಿಮುಟ್ಟಾಗಿದೆಯೆಂದೂ ನಂಬಿದ್ದೇನೆ. ಬೆಳಕು ಹರಿಯುವ ಮೊದಲೇ ತಾವು ನಮಗಾಗಿ ಹಾಡುವ ಸುಪ್ರಭಾತಕ್ಕೂ, ನನ್ನ ಬಸ್ಸಿನ ಮುಂಗಾಜಿನ ಮೇಲೆ ದಿನಕ್ಕೊಂದು ಬಗೆಯಲ್ಲಿ ಬಿಡಿಸುವ ಬಿಳಿ ರಂಗೋಲಿಗೂ ನಾನು ಇದುವರೆಗೆ ಕೃತಜ್ಞತೆ ಸಲ್ಲಿಸದಿದ್ದುದು ನನ್ನ ಒರಟುತನ. ಆದರೆ ಈ ಪತ್ರ ಅದಕ್ಕಲ್ಲ. ಕಳೆದ ಶನಿವಾರ ತಾವು ನಮ್ಮ ಸಂಸಾರಕ್ಕೆ ಮಾಡಿದ ಉಪಕಾರ ಊರಿಗೆಲ್ಲ ತಿಳಿಯಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನನ್ನ ಮಾವ ಎಬೆನೀಜರ್ ಡೊಯಿಗ್ ಅವರನ್ನು ತಾವು ಬಲ್ಲಿರಿ. ಮೀನುದೋಣಿಯ ಮೇಲೆ ಆಯುಷ್ಯ ಸವೆಸಿದ ಮನುಷ್ಯ. ಕಡಲಹಕ್ಕಿಗಳಾದ ತಮ್ಮ ಅಜ್ಜ ಮುತ್ತಜ್ಜಂದಿರನ್ನೆಲ್ಲ ಹೆಸರು ಹಿಡಿದು ಬೈದವರು. ಆದರೆ ಮಗಳು ಈಶ್ಬೆಲ್‌ಳನ್ನು ನಾನು ಮದುವೆಯಾದಂದಿನಿಂದ ಅವರು ಒಂದು ದಿನವೂ ನನ್ನ ಹೆಸರು ಹಿಡಿದು ಕರೆದಿಲ್ಲ. ಅವರಿಗೆ ನಾನು ‘ಬಸ್ಸು’. ‘ಬಸ್ಸು, ಉಪ್ಪು ಕೊಡು’, ‘ಬಸ್ಸು, ಬಾಗಿಲು ಹಾಕು.’ ಈ ವರ್ಷ ಅವರ ಹಳೆಯ ಜೊತೆಗಾರನ ಮೊಣಕಾಲು ಕೈಕೊಟ್ಟಿದ್ದರಿಂದ, ಪಕ್ಕದ ಊರಿನ ಸ್ಕಿನ್ನರ್ ಸಹೋದರರ ವಿರುದ್ಧ ಪ್ರತಿ ಶರತ್ಕಾಲ ಆಡುವ ಗಾಲ್ಫ್ ಜೋಡಿಯಾಟಕ್ಕೆ ಬೇರೆ ಗತಿಯಿಲ್ಲದೆ ನನ್ನನ್ನು ಕರೆದರು. ಒಂದೇ ಚೆಂಡನ್ನು ಇಬ್ಬರೂ ಸರದಿಯಂತೆ ಹೊಡೆಯುವ ಆಟ ಅದು. ಈಶ್ಬೆಲ್ ಅಂದಳು: “ಗೆದ್ದುಬಿಡು ಮಾರಾಯ. ಅಪ್ಪ ಆವತ್ತು ನಿನ್ನ ಹೆಸರು ಹೇಳದಿದ್ರೆ ನಾನೇ ಅವನಿಗೆ ಗಂಜಿ ಹಾಕಲ್ಲ.”

ಅಷ್ಟಕ್ಕೇ ನಾನು ಸುಮ್ಮನಿರಬೇಕಿತ್ತು. ಆದರೆ ಮಾವನ ಗಾಲ್ಫ್ ಕೋಲುಗಳನ್ನು ನೋಡಿದಿರಾ? ಕಬ್ಬಿಣದ ತಲೆಗಳೆಲ್ಲ ತುಕ್ಕು ಹಿಡಿದು ಹಳೆಯ ಲಂಗರಿನಂತಾಗಿದ್ದವು, ಹಿಡಿಗಳ ಚರ್ಮ ಸಿಪ್ಪೆ ಸುಲಿದಿತ್ತು. ಹೊಸದಾಗಿ ಮಾಡಿಕೊಡುತ್ತೇನೆಂದು ಬೇಡಿ ಬೇಡಿ ಇಸಿದುಕೊಂಡೆ. ಚೆಂಡನ್ನು ಮೆಲ್ಲಗೆ ಗುಳಿಗೆ ಉರುಳಿಸುವ ಕೋಲು, ಪಟರ್ ಒಂದನ್ನು ಮಾತ್ರ ಕೊಡಲಿಲ್ಲ. ಅದನ್ನು ಅವರ ಕೈ ಬಿಟ್ಟು ಬೇರೆ ಕೈ ಮುಟ್ಟಿಲ್ಲವಂತೆ. ತಲೆಗಳನ್ನು ವಿನೆಗರಿನಲ್ಲಿ ನೆನೆಹಾಕಿದೆ, ಉಕ್ಕಿನ ನಾರಿನಿಂದ ಉಜ್ಜಿದೆ, ಸೋಡಾ ನೀರಿನಲ್ಲಿ ತೊಳೆದೆ, ಬೆಂಕಿಯ ಉರಿಗೆ ಹಿಡಿದು ನವಿಲಿನ ಕತ್ತಿನ ನೀಲಿ ಬರಿಸಿದೆ. ಕೊರೆದ ಅಂಕಿಗಳಿಗೆ ಕೆಂಪು ಬಣ್ಣ ತುಂಬಿ, ಪ್ರತಿ ತಲೆಯ ಬೆನ್ನಿಗೆ ಒಂದು ಪುಟ್ಟ ದೋಣಿಯ ಗುರುತು ಒತ್ತಿದೆ. ಹಿಡಿಗೆ ಹೊಸ ಚರ್ಮದ ಪಟ್ಟಿ ಸುತ್ತಿ ಮೇಣದ ದಾರ ಕಟ್ಟಿದೆ.

ಈಗ ತಮಗೆ ಸಂಬಂಧಪಟ್ಟ ಭಾಗಕ್ಕೆ ಬರುತ್ತೇನೆ. ಮನೆಯ ವಿನೆಗರ್ ಸಾಲದೆ ಮೀನು-ಚಿಪ್ಸ್ ಅಂಗಡಿಯ ರೊಮಾನೊನಿಂದ ಕಂದು ವಿನೆಗರಿನ ಡಬ್ಬಿ ತಂದಿದ್ದೆ. ಚರ್ಮ ಮೆದುವಾಗಲು ಎಣ್ಣೆ ಬೇಕಿತ್ತು. ಅದೂ ಮುಗಿದಿದ್ದರಿಂದ ಅವನೇ ಚಿಪ್ಸ್ ಕರಿಯುವ ಕೊಬ್ಬಿನಲ್ಲೊಂದು ಮುದ್ದೆ ಕೊಟ್ಟ. ತಿಕ್ಕಿದೆ, ಕೈ ಜಾರದ ಹಾಗೆ ಬಟ್ಟೆಯಿಂದ ಒರೆಸಿದೆ, ಆ ಬಟ್ಟೆಯನ್ನು ಅಚ್ಚುಕಟ್ಟಾಗಿ ಚೀಲಕ್ಕೆ ನೇತುಹಾಕಿದೆ. ಮಾವ ಕೋಲುಗಳನ್ನು ತಿರುಗಿಸಿ ತಿರುಗಿಸಿ ನೋಡಿ, “ದೋಣಿಗೆ ಬಣ್ಣ ಬಳಿದ್ರೆ ಮೀನು ಜಾಸ್ತಿ ಬೀಳುತ್ತೇನೋ ಬಸ್ಸು?” ಎಂದರು. ಆದರೆ ದೋಣಿಯ ಗುರುತಿನ ಮೇಲೆ ಅವರ ಹೆಬ್ಬೆರಳು ಸ್ವಲ್ಪ ಹೊತ್ತು ನಿಂತಿತ್ತು. ನಾನು ನೋಡಿದೆ.

ಮಾನ್ಯರೇ, ಚಿಪ್ಸಿನ ಪೊಟ್ಟಣವೊಂದು ಕಾಲು ಮೂಡಿ ಹುಲ್ಲುಗಾವಲಲ್ಲಿ ನಡೆಯುತ್ತಿದೆ ಎಂದು ತಮಗನ್ನಿಸಿದ್ದರಲ್ಲಿ ತಪ್ಪಿಲ್ಲ. ಮೊದಲ ಗುಳಿಯಿಂದಲೇ ತಾವು ನಮ್ಮೊಡನೆ ದಯಮಾಡಿಸಿದಿರಿ. ಚರ್ಮದ ಹಿಡಿಯ ರುಚಿ ನೋಡಿದಿರಿ. ನಾನು ಹೊಡೆಯಲು ಕೋಲೆತ್ತಿದಾಗಲೆಲ್ಲ ಬೆನ್ನ ಹಿಂದೆ ಕೆಮ್ಮಿದಿರಿ. ಆದರೂ ಕೊನೆಯ ಗುಳಿಗೆ ಬರುವ ಹೊತ್ತಿಗೆ ಎರಡೂ ಜೋಡಿ ಸರಿಸಮ. ಸ್ಕಿನ್ನರ್‌ಗಳ ಸರದಿ ಮುಗಿದಿತ್ತು. ಮಾವನ ಒಂದು ಹೊಡೆತ ಗುಳಿ ಸೇರಿದರೆ ಗೆಲುವು ನಮ್ಮದು. ಮಾವ ಚೆಂಡನ್ನೆತ್ತಿ, ಚೀಲಕ್ಕೆ ನೇತುಬಿದ್ದಿದ್ದ ನನ್ನ ಆ ಬಟ್ಟೆಯಿಂದಲೇ ಚೆನ್ನಾಗಿ ಒರೆಸಿ ಇಟ್ಟರು. ಹೊಡೆದರು. ಚೆಂಡು ಬಾಗಿ, ಬಳುಕಿ, ಗುಳಿಯ ಬಾಯಿಗೇ ಬಂತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನಮ್ಮದು ಬಂತು, ತಮ್ಮ ಬಾಯಿಗೆ.

ತಾವು ಅದನ್ನು ಕಡಲಿನ ಮೇಲೆ ಒಯ್ದು, ಕಚ್ಚಿ ನೋಡಿ, ಬೇಸರಪಟ್ಟು ನೀರಿಗೆ ಬಿಟ್ಟಿರಿ. ದೊಡ್ಡ ಸ್ಕಿನ್ನರ್ ಟೋಪಿ ತೆಗೆದು, ಸಾವಿನ ಮನೆಯಲ್ಲಿ ಮಾತಾಡುವವನಂತೆ ಅಂದ: “ಉರುಳೋ ಚೆಂಡಿಗೆ ಹಕ್ಕಿ ತಾಗಿದ್ರೆ ಆ ಹೊಡೆತ ಲೆಕ್ಕಕ್ಕಿಲ್ಲ, ಎಬ್. ಇನ್ನೊಂದ್ಸಲ ಹೊಡೀಬೇಕು.” ಮಾವ ಬೇರೆ ಚೆಂಡಿಟ್ಟು ಹೊಡೆದರು, ಅದು ಗುಳಿಯನ್ನು ದಾಟಿ ಮುಂದೆ ನಿಂತಿತು. ಅದನ್ನು ಒಳಗೆ ತಳ್ಳಿ ಸಮ ಮಾಡುವ ಸರದಿ ನನ್ನದು. ಮಕ್ಕಳು ಕಾಲಲ್ಲಿ ಒದ್ದು ಹಾಕುವಷ್ಟು ದೂರ. ನಾನು ತಪ್ಪಿದೆ, ಆಟ ಸ್ಕಿನ್ನರ್‌ಗಳ ಪಾಲಾಯಿತು. ಮಾವ ಚೀಲ ಹೆಗಲಿಗೇರಿಸಿ, ‘ಬಸ್ಸು’ ಎಂದು ಕೂಡ ಕರೆಯದೆ ಮನೆಗೆ ನಡೆದರು.

ಹೋಗಲಿ ಎಂದುಕೊಂಡಿದ್ದೆ. ಆದರೆ ಅಂದಿನಿಂದ ಮಾವ ಪಬ್ಬಿನಲ್ಲಿ ಇದೇ ಕಥೆ ಹೇಳುತ್ತಿದ್ದಾರೆ. ಮೊದಲ ದಿನ ಆ ಹೊಡೆತ ಹತ್ತು ಹೆಜ್ಜೆಯದಾಗಿತ್ತು. ಈಗ ಚರ್ಚಿನಿಂದ ಬಂದರಿನವರೆಗೆ ಬೆಳೆದಿದೆ. ತಮ್ಮ ರೆಕ್ಕೆಯೂ ಹಾಯಿಯಷ್ಟಾಗಿದೆ. ಗೆದ್ದ ಸ್ಕಿನ್ನರ್‌ಗಳನ್ನು ಕೇಳುವವರಿಲ್ಲ. ದೋಚಿಸಿಕೊಂಡ ಮಾವನಿಗೆ ಬಿಯರ್ ಕೊಡಿಸುವವರ ಸಾಲೇ ಇದೆ. ನಿನ್ನೆ ಬಂದರಿನ ಬೆಂಚಿನ ಮೇಲೆ ಅವರು ತಮಗೆ ಚಿಪ್ಸ್ ತಿನ್ನಿಸುತ್ತ, “ಬಾರೋ ಮಗನೇ, ನಾಚ್ಕೋಬೇಡ” ಎಂದದ್ದನ್ನು ನಾನು ಬಸ್ಸಿನಿಂದಲೇ ಕೇಳಿದೆ. ಮಗನೇ! ಇಷ್ಟು ವರ್ಷ ಅವರ ಒಲೆಗೆ ಕಲ್ಲಿದ್ದಲು ಹೊತ್ತವನು ನಾನು.

ಆದ್ದರಿಂದ ತಾವು ದಯವಿಟ್ಟು ಶನಿವಾರಗಳಂದು ಉಪವಾಸ ಹಿಡಿಯಬೇಕೆಂದೂ, ಆಟದ ನಿಯಮಗಳನ್ನು ಯಾರಿಂದಾದರೂ ಓದಿಸಿಕೊಳ್ಳಬೇಕೆಂದೂ, ಮಾವನ ಚೆಂಡನ್ನು ಸಮುದ್ರದಿಂದ ತೆಗೆದು ಒಣಗಿಸಿ ತಲುಪಿಸಬೇಕೆಂದೂ ಪ್ರಾರ್ಥಿಸುತ್ತೇನೆ. ಅಳಿಯನ ಪದವಿಯೇ ಬೇಕೆಂದಿದ್ದರೆ ಅದನ್ನೂ ತೆಗೆದುಕೊಳ್ಳಿ. ಕಲ್ಲಿದ್ದಲಿನ ಬಕೆಟ್ ಹಿತ್ತಿಲಿನಲ್ಲಿದೆ.

ತಲೆಯ ಮೇಲೆ ತಮ್ಮನ್ನು ಹೊತ್ತಿರುವ,
ತಮ್ಮ ವಿಶ್ವಾಸಿ,
ಗ್ರೆಗರ್ ಇಮ್ರಿ

ತಾ.ಕ.: ಲಕೋಟೆ ಅಂಟಿಸುವಾಗ ಮಾವ ಬಂದರು. ಯಾರ ಕೈಗೂ ಕೊಡದ ಆ ಪಟರನ್ನು ನನ್ನ ಮೇಜಿನ ಮೇಲಿಟ್ಟು, ಕಿಟಕಿಯಾಚೆ ನೋಡುತ್ತ ಹೇಳಿದರು: “ಗ್ರೆಗರ್, ಇದಕ್ಕೂ ಅದೇ ಕೊಬ್ಬು ಹಚ್ಚು. ಅವನಿಗೆ ಆ ವಾಸನೆ ಇಷ್ಟ.” ಹೆಸರು ನನ್ನದು, ಕಾಳಜಿ ತಮ್ಮ ಮೇಲಿನದು. ನಾನು ಡಬ್ಬಿ ಹಿಡಿದು ರೊಮಾನೊನ ಅಂಗಡಿಗೆ ಹೊರಟಿದ್ದೇನೆ. ಇದನ್ನು ತಾವು ಸ್ನೇಹವೆಂದು ತಿಳಿಯಬಾರದು. ಚೆಂಡಿನ ಮಾತು ಹಾಗೆಯೇ ಇದೆ.