ಲೆಫ್ಟಿನೆಂಟನ ಬೀಗದ ಕೈ

ಟೈಪಿಸ್ಟಮ್ಮನಿಗೆ ನಿಘಂಟು ತೆರೆಯಲು ಬೇರೆ ದಿನವೇ ಸಿಗಲಿಲ್ಲ. ದೊಡ್ಡ ಸಾಹೇಬರು ತಪಾಸಣೆಗೆ ಬರುವ ದಿನವೇ ಬೇಕಾಯಿತು.

ತೂಕ-ಅಳತೆ ಕಚೇರಿಯಲ್ಲಿ ನಮ್ಮ ಪುಣ್ಯಾತ್ಮನನ್ನು ಎಲ್ಲರೂ ಲೆಫ್ಟಿನೆಂಟ್ ಎನ್ನುತ್ತಿದ್ದರು. ಅಂಗಡಿಯವರು ತರುವ ತೂಕದ ಕಲ್ಲುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವನಿಗೂ ಸೈನ್ಯಕ್ಕೂ ಏನು ಸಂಬಂಧ ಹೇಳಿ? ಹನ್ನೊಂದು ವರ್ಷದ ಹಿಂದೆ ಮುಖ್ಯಸ್ಥರು ರಜೆ ಹೋಗುವಾಗ ಅವನ ಹೆಗಲು ತಟ್ಟಿ, "ನಾನು ಬರೋವರೆಗೆ ನೀನೇ ನನ್ನ ಲೆಫ್ಟಿನೆಂಟ್ ಕಣಯ್ಯಾ" ಎಂದಿದ್ದರು. ಹೋದವರು ಅಲ್ಲಿಂದಲೇ ಬೇರೆ ಊರಿಗೆ ವರ್ಗ ಮಾಡಿಸಿಕೊಂಡರು. ಇವನು ಮೀಸೆ ಬಿಟ್ಟು, ಎದೆಯುಬ್ಬಿಸಿ ನಡೆಯಲು ಕಲಿತು, ಇನ್‌ಚಾರ್ಜ್ ಆಗಿಯೇ ಉಳಿದುಬಿಟ್ಟ.

ಕಚೇರಿಯ ಹಿಂದೆ ಮುಖ್ಯಸ್ಥರಿಗೆಂದು ಮೂರು ಕೋಣೆಯ ಮನೆಯಿತ್ತು. ಇನ್‌ಚಾರ್ಜ್ ಆದವನು ಅದರ ಬೀಗದ ಕೈ ಇಟ್ಟುಕೊಳ್ಳಬಹುದು, ಒಳಗೆ ವಾಸ ಮಾಡುವ ಹಾಗಿಲ್ಲ. ಪ್ರತಿ ಭಾನುವಾರ ಅವನು ಹೋಗಿ ಮೂರೂ ಕೋಣೆ ಗುಡಿಸಿ, ಕಿಟಕಿ ಒರೆಸಿ, ಬೀಗ ಜಡಿದು, ಹೆಂಡತಿ, ಅತ್ತೆ, ಮೂರು ಮಕ್ಕಳು ಕಾಲು ಮಡಚಿ ಮಲಗುವ ತನ್ನ ಒಂದೇ ಕೋಣೆಯ ಬಾಡಿಗೆ ಮನೆಗೆ ಮರಳುತ್ತಿದ್ದ. ಇವತ್ತು ಸಾಹೇಬರು ಸಹಿ ಹಾಕಿದರೆ ಅವನು ಖಾಯಂ ಮುಖ್ಯಸ್ಥ, ಮನೆ ಅವನದು. ಹೆಂಡತಿ ಬೆಳಿಗ್ಗೆಯೇ ಪಾತ್ರೆ ಪಡಗವನ್ನೆಲ್ಲ ಗಂಟು ಕಟ್ಟಿ ಕೂತಿದ್ದಳು.

"ಸಾರ್, ಲೆಫ್ಟಿನೆಂಟ್ ಅಂದ್ರೆ ಫ್ರೆಂಚ್ ಭಾಷೇಲಿ ಜಾಗ ಹಿಡ್ಕೊಂಡಿರೋನು ಅಂತೆ," ಎಂದಳು ಟೈಪಿಸ್ಟಮ್ಮ, ನಿಘಂಟಿನಿಂದ ತಲೆಯೆತ್ತದೆ. "ಯಜಮಾನ ಇಲ್ಲದಾಗ ಅವನ ಬದಲಿಗೆ ನಿಲ್ಲೋನು."

ಅವನು ಪುಸ್ತಕ ಕಿತ್ತುಕೊಂಡು ಓದಿದ. ಕನ್ನಡಕ ಒರೆಸಿ ಮತ್ತೆ ಓದಿದ. ಅರ್ಥ ಬದಲಾಗಲಿಲ್ಲ. ಬಸ್ಸಿನ ಸೀಟಿನ ಮೇಲೆ ಯಾರೋ ಕರವಸ್ತ್ರ ಹಾಸಿ ಹೋಗುತ್ತಾರಲ್ಲ, ಆ ಕರವಸ್ತ್ರ ತಾನು ಎಂದು ಅವನಿಗೆ ಹೊಳೆಯಿತು. ಹನ್ನೊಂದು ವರ್ಷ ಎಣ್ಣೆ ಹಚ್ಚಿ ಸಾಕಿದ ಮೀಸೆ ಮುಖದ ಮೇಲೆ ಭಾರವಾಯಿತು.

ಅಷ್ಟರಲ್ಲಿ ಹಿರಿಯ ಗುಮಾಸ್ತ ಕಿವಿಯ ಹತ್ತಿರ ಬಂದ. ಪರೋಪಕಾರ ಅವನಿಗೆ ಹುಟ್ಟಿನಿಂದ ಅಂಟಿದ ರೋಗ. ಸಾಹೇಬರು ಮಾಜಿ ಸೈನಿಕರೆಂದು ತಿಳಿದು, ಇವನೂ ಸೈನ್ಯದಲ್ಲಿ ನಿಜವಾದ ಲೆಫ್ಟಿನೆಂಟ್ ಆಗಿದ್ದವನೆಂದು ಅವರ ಡ್ರೈವರನ ಕಿವಿಗೆ ಹಾಕಿದ್ದನಂತೆ. ಕೆಲಸ ಆಯಿತೆಂದೇ ತಿಳಿಯಿರಿ ಎಂದು ಧೈರ್ಯ ಬೇರೆ ಹೇಳಿದ.

"ನನ್ನ ಮನೆ ಹಾಳು ಮಾಡಿದ್ರಲ್ರೀ," ಎಂದು ಲೆಫ್ಟಿನೆಂಟ್ ಎನ್ನುವಷ್ಟರಲ್ಲಿ ಜೀಪು ಬಂದು ನಿಂತಿತು.

ಸಾಹೇಬರು ಬಾಗಿಲಲ್ಲೇ ಕಾಲು ಅಪ್ಪಳಿಸಿ ಸಲ್ಯೂಟ್ ಹೊಡೆದರು. ಇವನೂ ಗಾಬರಿಯಲ್ಲಿ ಕೈಯೆತ್ತಿದ. ಮೊಣಕೈ ಬಾಗಿಲ ಪಕ್ಕದ ತಕ್ಕಡಿಗೆ ತಗುಲಿ, ಎರಡು ಕಿಲೋದ ಕಲ್ಲು ಉರುಳಿ ಸಾಹೇಬರ ಕಾಲಿನ ಹೆಬ್ಬೆರಳ ಮೇಲೇ ಕೂತಿತು. ಗುಮಾಸ್ತ ನೀರು ತರಲು ಓಡಿ ಟೈಪಿಸ್ಟಮ್ಮನ ಕಾಗದಗಳ ಮೇಲೆಲ್ಲ ಚೆಲ್ಲಿದ. ಸಾಹೇಬರು ಒಂಟಿ ಕಾಲಲ್ಲಿ ನಿಂತು, ಹಲ್ಲು ಕಚ್ಚಿ, ಯಾವ ರೆಜಿಮೆಂಟು ಎಂದು ಕೇಳಿದರು.

ಇನ್ನು ಮುಚ್ಚಿಟ್ಟು ಮಾಡುವುದೇನಿದೆ? ಅವನು ಎಲ್ಲವನ್ನೂ ಒದರಿಬಿಟ್ಟ.

"ನಾನು ಯಾವ ರೆಜಿಮೆಂಟೂ ಅಲ್ಲ ಸಾರ್. ಲೆಫ್ಟಿನೆಂಟ್ ಅಂದ್ರೆ ಇನ್ನೊಬ್ಬರ ಜಾಗ ಕಾಯೋನಂತೆ. ಹನ್ನೊಂದು ವರ್ಷದಿಂದ ಕಾಯ್ತಾ ಇದೀನಿ. ಮುಖ್ಯಸ್ಥರ ಕುರ್ಚೀಲಿ ಒಂದು ದಿನ ಕೂತಿಲ್ಲ, ಅವರ ಮನೇಲಿ ಒಂದು ರಾತ್ರಿ ಮಲಗಿಲ್ಲ. ಸಾಕಾಗಿದೆ ಸಾರ್."

ಸಾಹೇಬರು ಅವನನ್ನು ದಿಟ್ಟಿಸಿದರು, ಆಮೇಲೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದರೂ ಈ ಅರ್ಥ ತಮಗೆ ಯಾರೂ ಹೇಳಿರಲಿಲ್ಲ, ಇಷ್ಟು ನಿಯತ್ತಿನ ಮನುಷ್ಯನನ್ನು ತಾವು ಕಂಡಿಲ್ಲ ಎಂದರು. ಅವನ ಎದೆಯಲ್ಲಿ ಮೂರು ಕೋಣೆಯ ಕಿಟಕಿಗಳೂ ಒಟ್ಟಿಗೆ ತೆರೆದುಕೊಂಡವು. ಸಾಹೇಬರು ಅವನ ಹೆಗಲ ಮೇಲೆ ಕೈ ಹಾಕಿ ಒಳಕೋಣೆಗೆ ಕರೆದೊಯ್ದು ಬಾಗಿಲು ಮುಂದಕ್ಕೆ ಹಾಕಿದರು.

"ನಿಮ್ಮ ಫೈಲು ನೋಡಿದೀನಿ," ಎಂದರು ತಗ್ಗಿದ ದನಿಯಲ್ಲಿ. "ಖಾಯಂ ಮಾಡೋ ಸಹಿ ಖಾಯಂ ಅಧಿಕಾರೀನೇ ಹಾಕ್ಬೇಕು. ನಾನೂ ಇನ್‌ಚಾರ್ಜೇ ಕಣ್ರೀ. ಒಂಬತ್ತು ವರ್ಷ ಆಯ್ತು."

ಅವನ ಎದೆಯಲ್ಲಿ ತೆರೆದಿದ್ದ ಕಿಟಕಿಗಳೆಲ್ಲ ಒಟ್ಟಿಗೆ ಮುಚ್ಚಿಕೊಂಡವು. ಸಾಹೇಬರು ಮಾತ್ರ ಹಗುರಾಗಿದ್ದರು. ಇಷ್ಟು ದಿನ ತಮಗೆ ರಜೆ ಸಿಗದಿದ್ದುದು ನಂಬುವಂಥ ಮನುಷ್ಯ ಸಿಗದೆ. ಈಗ ಸಿಕ್ಕಿದ. ಅಲ್ಲೇ ಕಾಗದ ತೆಗೆದು ಆದೇಶ ಬರೆದರು: ತಾವು ರಜೆಯಿಂದ ಬರುವವರೆಗೆ ಈ ಕಚೇರಿಯನ್ನೂ ಅವನೇ ನೋಡಿಕೊಳ್ಳುವುದು, ತಮ್ಮ ಕಚೇರಿಯನ್ನೂ ಅವನೇ. ಬದಲಿಯವನ ಬದಲಿಗೆ ಇನ್ನೊಬ್ಬನನ್ನು ನೇಮಿಸುವ ಸಹಿಗೆ ಯಾರ ಅಡ್ಡಿಯೂ ಇರಲಿಲ್ಲ.

ಸಂಜೆ ಹೆಂಡತಿ ಗಂಟುಗಳ ನಡುವೆ ಎದ್ದು ನಿಂತಳು. ಅವನು ಸೊಂಟದಿಂದ ಬೀಗದ ಕೈಗಳನ್ನು ಬಿಚ್ಚಿ ಗೂಟಕ್ಕೆ ಹಾಕಿದ. ಆಕೆಯ ಮುಖ ಅರಳಿತು.

"ಎರಡಿದೆಯಲ್ರೀ. ಇನ್ನೊಂದು ಯಾವುದು?"

"ದೊಡ್ಡ ಸಾಹೇಬರ ಮನೇದು," ಎಂದ ಅವನು, ಗಂಟಿನ ಮೇಲೆ ಕುಸಿದು ಕೂತು. "ಅದರಲ್ಲಿ ಆರು ಕೋಣೆ ಇದೆ ಕಣೇ. ಭಾನುವಾರ ಸ್ವಲ್ಪ ಬೇಗ ಏಳಿಸು."